ಮರೆವಿನ ಡಾಕ್ಟರಿಗೇ ನೆನಪಿನ ಪರೀಕ್ಷೆ

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಸಣ್ಣ ದವಾಖಾನೆ. ಬರೋರೆಲ್ಲ ಅರವತ್ತು ದಾಟಿದವರು, ನಾನೂ ದಾಟಿದವನೇ. ರೋಗಿ ಹೆದರಿಕೊಂಡು ಒಳಗೆ ಬರ್ತಾನೆ, ಡಾಕ್ಟರು ತನ್ನ ಹೆದರಿಕೆ ತೋರಿಸದೆ ಕೂತಿರ್ತಾನೆ. ಹೆದರಿದ ಇಬ್ಬರು ಎದುರುಬದುರು ಕೂತ ಮೇಲೆ ಎಡವಟ್ಟಿಗೇನು ಬರ? ನನ್ನಲ್ಲಂತೂ ವಾರಕ್ಕೊಂದು ಗ್ಯಾರಂಟಿ.

೧. ಯಜಮಾನರ ಹೆಸರು

ಕೊಕ್ಕನೂರಿನಿಂದ ಒಬ್ಬ ಅಜ್ಜಿಯನ್ನು ಸೊಸೆ ಕರಕೊಂಡು ಬಂದಿದ್ದಳು. ಅತ್ತೆಗೆ ಮರೆವು ಶುರುವಾಗಿದೆ ಅಂತ ಅವಳ ಗಾಬರಿ. ನಾನು ನೆನಪಿನ ಪರೀಕ್ಷೆಗೆ ಕೂತೆ. ಅಜ್ಜಿ ಊರು ಹೇಳಿದಳು, ಮೊಮ್ಮಕ್ಕಳ ಹೆಸರೆಲ್ಲ ಪಟಪಟ ಹೇಳಿದಳು. ನಿಮ್ಮ ಯಜಮಾನರ ಹೆಸರೇನಮ್ಮಾ ಅಂದೆ. ಮಾತೇ ನಿಂತುಹೋಯ್ತು. ಮತ್ತೆ ಕೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ಮುಖ ತಿರುಗಿಸಿದಳು. ಜೀವಮಾನವೆಲ್ಲ ಜೊತೆಗೆ ಬಾಳಿದ ಗಂಡನ ಹೆಸರೇ ಹೋಯ್ತಲ್ಲಪ್ಪಾ ಅಂತ ಪೆನ್ನು ಕೆಳಗಿಟ್ಟೆ. ಸೊಸೆ ಅಳೋಕೇ ಕೂತಳು.

ಕೊನೆಗೆ ಅಜ್ಜಿ ಪಿಸುಗುಟ್ಟಿದಳು. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವರ ಆಯುಷ್ಯ ಕಡಿಮೆ ಆಗುತ್ತಂತೆ. ಏನೂ ಆಗಲ್ಲ, ಇದೊಂದು ಸಲ ಹೇಳಮ್ಮಾ ಅಂತ ನಾನು ಪುಸಲಾಯಿಸುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವಳ ಯಜಮಾನರ ದನಿ ಬಂತು.

"ಹೇಳಿಸಬ್ಯಾಡ್ರಿ ಡಾಕ್ಟ್ರೇ. ಮೊನ್ನೆ ತಾನೆ ಹೊಸ ಹಲ್ಲಿನ ಸೆಟ್ಟು ಮಾಡಿಸೀನಿ."

೨. ಎರಡು ಸಲ

ಕರೂರಿನ ಫ್ಯಾಕ್ಟರಿಯಿಂದ ರಿಟೈರಾದ ಒಬ್ಬರು ಬಂದಿದ್ದರು. ಬಿಪಿ ನೋಡಿ ಮಾತ್ರೆ ಬರೆದುಕೊಟ್ಟೆ. ಅವರು ಎದ್ದು ನಿಲ್ಲೋ ಹೊತ್ತಿಗೆ ನನಗೊಂದು ಫೋನು ಬಂತು. ಮಾತಾಡಿ ಇಟ್ಟು ತಲೆ ಎತ್ತಿದರೆ ಎದುರಿಗೆ ಅವರು. ಬರ್ರಿ, ಕೂಡ್ರಿ, ಏನು ತೊಂದರೆ ಅಂತ ಮತ್ತೆ ಬಿಪಿ ಪಟ್ಟಿ ಸುತ್ತಿದೆ. ಪಾಪ, ಉಸಿರೆತ್ತದೆ ತೋಳು ಕೊಟ್ಟರು.

ಸಂಜೆ ಅವರ ಮನೆಯಿಂದ ಫೋನು. ಡಾಕ್ಟರು ಎರಡೆರಡು ಸಲ ನೋಡಿದರು ಅಂದಮೇಲೆ ನನ್ನ ಕತೆ ಮುಗೀತು ಅಂತ ಅವರು ಚಾಪೆ ಹಿಡಿದು, ಹೆಣ್ಣುಮಕ್ಕಳನ್ನೆಲ್ಲ ಗಂಡನ ಮನೆಯಿಂದ ಕರೆಸಿಕೊಂಡಿದ್ದರಂತೆ. ನಾನೇ ಓಡಿದೆ. ಮತ್ತೆ ಯಾಕೆ ನೋಡಿದ್ರಿ ಅಂತ ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ಮರೆತೆ ಅನ್ನೋಕೆ ಧೈರ್ಯ ಸಾಲಲಿಲ್ಲ.

"ಬಿಪಿ ಬಾಳ ಚಲೋ ಇತ್ತು, ಇನ್ನೊಂದು ಸಲ ನೋಡೋಣ ಅನ್ಸಿತು" ಅಂದೆ.

೩. ಸಂಘದ ಸುದ್ದಿ

ಮನೆಗೆ ಬಂದಮೇಲೆ ನಗು ಬರಲಿಲ್ಲ. ನಮ್ಮವ್ವ ಕೊನೆಕೊನೆಗೆ ನನ್ನನ್ನೇ ನೀವು ಯಾರ ಪೈಕಿ ಅಂತ ಕೇಳುತ್ತಿದ್ದಳು. ಅದೇ ಈಗ ನನಗೂ ಹತ್ತಿತಾ ಅಂತ ಮಲಗಿದಲ್ಲೇ ಅವತ್ತಿನ ರೋಗಿಗಳ ಹೆಸರೆಲ್ಲ ಎಣಿಸಿದೆ.

ಸರಿಯಾಗಿ ಅದೇ ವಾರ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಸಂಘ ಅಂದರೆ ದಾವಣಗೆರೆ, ಹರಿಹರದಲ್ಲಿ ವಯಸ್ಸಾದವರನ್ನು ನೋಡೋ ಡಾಕ್ಟರುಗಳದ್ದು. ಭಾನುವಾರ ಹರಿಹರದಲ್ಲಿ ಸಭೆ, ಅರವತ್ತಾದ ಸದಸ್ಯರಿಗೆಲ್ಲ ನೆನಪಿನ ಪರೀಕ್ಷೆ. ಫೇಲಾದರೆ ದವಾಖಾನೆ ಮುಚ್ಚಿಬಿಡ್ತೀನಿ ಅಂತ ಹೆಂಡತಿಗೆ ಹೇಳಿದೆ. ತಪ್ಪು ಮಾತ್ರೆ ಬರೆದು ಯಾರ ಜೀವವನ್ನೋ ತೆಗೆಯೋದಕ್ಕಿಂತ ಅದು ವಾಸಿ. ಯಾವತ್ತೂ ಎದುರುತ್ತರ ಕೊಡೋ ಅವಳು ಅವತ್ತು ಹೂಂ ಅಂದಳು. ಅದರಿಂದ ಇನ್ನಷ್ಟು ಹೆದರಿಕೆ ಆಯ್ತು.

ಸಂಘದ ಅಧ್ಯಕ್ಷರು ನನ್ನನ್ನು ತಮ್ಮ ಕಾರಿನಲ್ಲೇ ಕರಕೊಂಡು ಹೋದರು. ಸಭೆಯಲ್ಲಿ ಒಬ್ಬರ ಮುಖದಲ್ಲೂ ರಕ್ತ ಇರಲಿಲ್ಲ. ಮೂರು ಪದ ಹೇಳೋದು, ಸ್ವಲ್ಪ ಹೊತ್ತು ಬಿಟ್ಟು ಕೇಳೋದು, ಇಷ್ಟೇ ಪರೀಕ್ಷೆ. ನಾವು ದಿನಾ ರೋಗಿಗಳಿಗೆ ಕೇಳೋ ಪದಗಳು ಎಲ್ಲರಿಗೂ ಬಾಯಿಪಾಠ ಅಂತ ಅಧ್ಯಕ್ಷರು ತಲೆಗೆ ಹೊಳೆದ ಹೊಸ ಮೂರು ಪದ ಹೇಳಿದರು. ಅಷ್ಟರಲ್ಲಿ ಮಂಡಕ್ಕಿ ಮಿರ್ಚಿ ಬಂತು. ಕೈಯಲ್ಲಿ ಮಿರ್ಚಿ ಹಿಡಿದು ಎಲ್ಲರೂ ಒಳಗೊಳಗೇ ಜಪ ಮಾಡಿದ್ದೇ ಮಾಡಿದ್ದು.

ಮೊದಲು ಎದ್ದವರು ಗಟ್ಟಿ ಗಂಟಲಿನ ಮೂಳೆ ಡಾಕ್ಟರು. ಕೊಬ್ಬರಿ, ಕರ್ಪೂರ, ಊದುಬತ್ತಿ ಅಂದರು. ಎಲ್ಲರೂ ತಲೆಯಾಡಿಸಿ ಅದನ್ನೇ ಅಂದರು. ನನ್ನ ಸರದಿ ಬಂತು. ಕೊಬ್ಬರಿ, ಕರ್ಪೂರ, ಪೊರಕೆ ಅಂದೆ. ಇಡೀ ಸಭೆ ನನ್ನನ್ನೇ ಮರುಕದಿಂದ ನೋಡಿತು. ಕರ್ಪೂರದ ಪಕ್ಕ ಯಾರಾದರೂ ಪೊರಕೆ ಇಡ್ತಾರೇನ್ರಿ ಅಂದರು ಮೂಳೆ ಡಾಕ್ಟರು. ನೀವೇ ಹೇಳ್ರಿ, ಯಾವುದು ಸರಿ ಅಂತ ಅಧ್ಯಕ್ಷರನ್ನು ಕೇಳಿದೆ. ಅವರು ಸೂರು ನೋಡಿದರು, ನೆಲ ನೋಡಿದರು, ಆಮೇಲೆ ಕೈ ಎತ್ತಿಸಿ ವೋಟು ಹಾಕಿಸಿದರು. ಊದುಬತ್ತಿ ಗೆದ್ದಿತು.

ವಾಪಸ್ ಅವರದೇ ಕಾರಿನಲ್ಲಿ ಹೊರಟೆವು. ದವಾಖಾನೆಯ ಬೋರ್ಡು ಯಾರ ಕೈಲಿ ಇಳಿಸಲಿ ಅಂತಲೇ ಯೋಚನೆ. ಕಣ್ಣು ತುಂಬಿ ಬಂದಿತ್ತು. ಅಷ್ಟರಲ್ಲಿ ಅಧ್ಯಕ್ಷರ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಅವರ ಹೆಂಡತಿ.

"ಬೆಳಿಗ್ಗೆ ಹೇಳಿದ್ದು ತಗೊಂಡ್ರಾ? ಕೊಬ್ಬರಿ, ಕರ್ಪೂರ ಇಲ್ದಿದ್ರೂ ಚಿಂತಿಲ್ಲ, ಪೊರಕೆ ಮರೀಬ್ಯಾಡ್ರಿ."

ಫೋನು ಕಟ್ಟಾಯ್ತು. ಅಧ್ಯಕ್ಷರು ಮೆತ್ತಗೆ, "ಡಾಕ್ಟ್ರೇ, ಇದನ್ನ ಗುಂಪಿನ್ಯಾಗ ಹಾಕಬ್ಯಾಡ್ರಿ. ಹಾಕಿದ್ರೆ ನಿಮ್ದೊಂದು ಬಿಟ್ಟು ಉಳಿದ ದವಾಖಾನೆ ಎಲ್ಲಾ ಮುಚ್ಚಬೇಕಾಗುತ್ತೆ" ಅಂದರು.

ಹೋದ ಜೀವ ಬಂದಂಗಾಯ್ತು. ನನ್ನ ತಲೆ ಸರಿ ಐತೆ, ಮರೆತಿರೋದು ಇವರು. ಸೀಟಿಗೆ ಒರಗಿ ಆರಾಮಾಗಿ ಕಣ್ಣು ಮುಚ್ಚಿದವನು ಮರುಕ್ಷಣವೇ ಎದ್ದು ಕೂತು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೆ. ಕಾರು ಓಡಿಸುತ್ತಿದ್ದದ್ದು ಅವರೇ.