ಧರಣೇಂದ್ರಯ್ಯನ ಸೋರೆಕಾಯಿ ದಿಗ್ವಿಜಯ

ಪ್ಲಾಸ್ಟಿಕ್ ಕವರು ಪಾಪವೆಂದೂ ಮಣ್ಣು ಮೆತ್ತಿದ ತರಕಾರಿಯೇ ಪುಣ್ಯವೆಂದೂ ಸಾರಲ್ಪಟ್ಟ ಈ ಸಾವಯವಯುಗದ ಪ್ರಥಮಪಾದದಲ್ಲಿ, ಮೈಸೂರೆಂಬ ಮಹಾನಗರಿಯ ಅಂಚಿನ ಬಡಾವಣೆಯೊಂದರಲ್ಲಿ, ಸೀಟಿನಾದಪ್ರಕಂಪಿತವಿದ್ಯಾರ್ಥಿವೃಂದನೂ ಸ್ವಪತ್ನೀಸಮಕ್ಷಮೌನವ್ರತಧಾರಿಯೂ ಆದ ಧರಣೇಂದ್ರಯ್ಯನೆಂಬ ನಿವೃತ್ತ ಡ್ರಿಲ್ ಮೇಷ್ಟರಿದ್ದನು. ಎಲೈ ವಾಗ್ದೇವಿಯೇ, ಆತನ ಕೀರ್ತಿಯನ್ನು ಹಾಡುತ್ತೇನೆ. ನಗು ಬಂದರೆ ಸೆರಗು ಅಡ್ಡ ಹಿಡಿದುಕೋ.

ಈ ವೀರನು ಆರು ತಿಂಗಳ ಮಟ್ಟಿಗೆ ತೋಟವೊಂದರ ಪಾಲುದಾರನಾಗಿದ್ದನು. ಇದು ಪೇಟೆಯಲ್ಲಿ ಏರಿಳಿಯುವ ಷೇರಲ್ಲ, ಶನಿವಾರ ಶನಿವಾರ ತರಕಾರಿಯಾಗಿ ಬುಟ್ಟಿಯಲ್ಲಿ ಬಂದಿಳಿಯುವ ಷೇರು. ಭೂಮಿ ಕೊಟ್ಟದ್ದನ್ನು ತಲೆಬಾಗಿ ಸ್ವೀಕರಿಸತಕ್ಕದ್ದು ಎಂಬುದು ತೋಟದ ಕಟ್ಟಳೆ. ಮಣ್ಣಿನೊಳಗೆ ಬೆಳೆದದ್ದು ಹೊಸ್ತಿಲು ದಾಟತಕ್ಕದ್ದಲ್ಲ ಎಂಬುದು ಆ ಜೈನಗೃಹದ ಕಟ್ಟಳೆ. ಇವೆರಡೂ ಒಂದು ದಿನ ಎದುರುಬದುರಾದಾವೆಂಬುದು ರುಜು ಹಾಕುವಾಗ ಪರಾಕ್ರಮಿಗೆ ಹೊಳೆಯಲಿಲ್ಲ.

ಮೊದಮೊದಲು ಬಂದ ಎಳೆ ಬೆಂಡೆ, ಹೀರೆಗಳ ರುಚಿಗೆ ಪತ್ನಿ ಸುನಂದಮ್ಮನವರೇ ಸೋತಿದ್ದರು. ಆಮೇಲೆ ಎರಡು ವಾರ ಬುಟ್ಟಿ ತುಂಬ ಮೂಲಂಗಿ, ಕ್ಯಾರೆಟ್ಟು, ಬೀಟ್‌ರೂಟು. ಎಲ್ಲವೂ ಗೇಟಿನಲ್ಲೇ ನೆರೆಹೊರೆಗೆ ದಾನವಾಯಿತು. ಸುನಂದಮ್ಮನವರು ತೀರ್ಪಿತ್ತರು: ಈ ಶನಿವಾರವೂ ಬೇಯಿಸಲು ಏನೂ ಬಾರದಿದ್ದರೆ ಪಾಲನ್ನು ಬೇರೆಯವರಿಗೆ ಬರೆದುಕೊಟ್ಟು, ದಿನಾ ಬೆಳಗ್ಗೆ ವಾಕಿಂಗು ಬಿಟ್ಟು ಮಾರ್ಕೆಟ್ಟಿಗೆ ಹೋಗತಕ್ಕದ್ದು. ವಾಕಿಂಗೆಂದರೆ ಆತನಿಗೆ ಬೆಂಚಿನ ಮೇಲೆ ಕೂತು ಲೋಕ ತಿದ್ದುವ ತಪಸ್ಸು. ಅದು ತಪ್ಪಿದರೆ ಜೀವನದಲ್ಲಿ ಉಳಿದದ್ದೇನು?

ಶನಿವಾರ, ಪಾಲುದಾರರ ಬುಟ್ಟಿಗಳೆಲ್ಲ ಬಂದಿಳಿಯುವ ಬಡಾವಣೆಯ ನೀರಿನ ಟ್ಯಾಂಕಿನ ಕೆಳಗೆ, ತನ್ನ ಬುಟ್ಟಿ ತೆರೆದನು. ಒಳಗೆ ದುಂಡನೆಯ ಐದು ಹಸಿರು ಗಡ್ಡೆಗಳು. ಕಣ್ಣು ಕತ್ತಲಿಟ್ಟಿತು. ಆಗ ಕಂಡಿತು, ಪಾಲುದಾರರು ತಮಗೆ ಬೇಡದ್ದನ್ನಿಟ್ಟು ಬೇಕಾದದ್ದನ್ನು ಒಯ್ಯಲೆಂದು ಆ ವಾರ ಹೊಸದಾಗಿ ಇಟ್ಟಿದ್ದ ಬದಲಿಬುಟ್ಟಿ. ಅದರಲ್ಲಿ ಗದೆಯಂತೆ ಒರಗಿದ್ದ ಒಂಟಿ ಸೋರೆಕಾಯಿ. ವೀರನು ಹಾರಿ ತೊಟ್ಟು ಹಿಡಿದನು. ಆದರೆ ಬುಡವು ಅದಾಗಲೇ ನಾಲ್ಕನೇ ಕ್ರಾಸಿನ ಶಿವನಂಜಪ್ಪನ ಮುಷ್ಟಿಯಲ್ಲಿತ್ತು.

"ಬಿಡಿ ಸ್ವಾಮಿ. ಮೂವತ್ತು ವರ್ಷ ಹಗ್ಗಜಗ್ಗಾಟ ಆಡಿಸಿದ ಕೈ ಇದು. ಹಿಡಿದದ್ದನ್ನ ಬಿಟ್ಟಿದ್ದಿಲ್ಲ."

"ಆಡಿಸಿದ್ದು ತಾನೆ ಮೇಷ್ಟ್ರೇ, ಆಡಿದ್ದಲ್ವಲ್ಲ? ನಾಲ್ಕು ಹನಿ ಮಳೆ ಬಿದ್ರೆ ಸ್ಟಾಫ್ ರೂಮಿಗೆ ಮೊದ್ಲು ಓಡ್ತಿದ್ದೋರು ನೀವೇ ಅಂತ ನಮ್ ಹುಡುಗ ಹೇಳ್ತಿದ್ದ."

ತೊಟ್ಟು ಕಿರುಗುಟ್ಟಿತು. ಸರದಿಯಲ್ಲಿ ನಿಂತಿದ್ದವರು ಮೊಬೈಲು ಎತ್ತಿದರು. ಬಲದಿಂದಾಗದ್ದನ್ನು ಚಾಣಾಕ್ಷತನದಿಂದ ಸಾಧಿಸಲೆಣಿಸಿ ಧರಣೇಂದ್ರಯ್ಯನು ತನ್ನ ಐದೂ ಗಡ್ಡೆಗಳನ್ನು ಪಣಕ್ಕೊಡ್ಡಿದನು.

"ಐದೂನಾ?" ಎಂದ ಶಿವನಂಜಪ್ಪನು ಉತ್ತರಕ್ಕೂ ಕಾಯದೆ ಬುಡ ಬಿಟ್ಟು, ಗಡ್ಡೆಗಳನ್ನು ಚೀಲಕ್ಕೆ ಸುರಿದುಕೊಂಡು, ಚಪ್ಪಲಿಯ ಸದ್ದೂ ಕೇಳದಂತೆ ರಣರಂಗದಿಂದ ಮರೆಯಾದನು. ಶತ್ರು ಬೆದರಿ ಓಡಿದನೆಂದು ನಮ್ಮವನು ತಿಳಿದನು.

ಸೋರೆಕಾಯಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದು, ವಿಜಯವೃತ್ತಾಂತವನ್ನು ಅಭಿನಯಸಮೇತ ನಿವೇದಿಸಿದನು. ಸುನಂದಮ್ಮನವರು ಪೂರ್ತಿ ಕೇಳಿದರು. ಆ ಗಡ್ಡೆ ಹೇಗಿತ್ತೆಂದರು. ಮೇಲೆ ಎಲೆ ಇತ್ತೇ ಎಂದರು. ಇತ್ತೆಂದನು.

"ಅದು ನವಿಲುಕೋಸು ರೀ. ಮಣ್ಣಿನ ಮೇಲೆ ಬಿಡತ್ತೆ. ನಲವತ್ತು ವರ್ಷದಿಂದ ಎರಡೆರಡು ಸಲ ಬಡಿಸ್ಕೊಂಡು ತಿಂತಿದೀರ."

ಸಂಜೆ ದಿಗ್ವಿಜಯಿಯು ಕೋಸು ಮರಳಿ ಬೇಡಲು ಅರ್ಧ ಸೋರೆಕಾಯಿ ಹಿಡಿದು ನಾಲ್ಕನೇ ಕ್ರಾಸಿನ ಶತ್ರುವಿನ ಬಾಗಿಲಲ್ಲಿ ನಿಂತಿದ್ದನು. ನಾಲ್ಕು ಕೋಸು ಆಗಲೇ ಹುಳಿಯಲ್ಲಿ ಬೇಯುತ್ತಿದ್ದವು. ಉಳಿದ ಒಂದನ್ನು ಶಿವನಂಜಪ್ಪನು ಕೊಟ್ಟನು; ಸಣ್ಣದು.

ಪಾಲು ಉಳಿಯಿತು, ವಾಕಿಂಗೂ ಉಳಿಯಿತು. ಬುಟ್ಟಿ ತರಲು ಮಾತ್ರ ಇನ್ನು ಮೇಲೆ ಸುನಂದಮ್ಮನವರೇ ಹೋಗುವರು. ವೀರನು ಪಕ್ಕದಲ್ಲಿ ನಿಂತು ಚೀಲದ ಬಾಯಿ ಅಗಲಿಸಿ ಹಿಡಿದುಕೊಳ್ಳುವನು.