ಶಾಕವ್ರತದಲ್ಲಿ ಸಿಕ್ಕಿಬಿದ್ದ ಮೆಗ್ನೀಸಿಯಂ

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಸಕ್ಕರೆ ಎಂದರೇನು, ಹೆಂಡತಿ ಲೀಲಾಬಾಯಿ ಅದನ್ನು ಯಾವ ಡಬ್ಬಿಯ ಹಿಂದೆ ಅಡಗಿಸಿಟ್ಟಿದ್ದಾಳೆ ಎಂಬುದೆಲ್ಲ ನನಗೆ ಗೊತ್ತು. ತಕರಾರು ಇರುವುದು ಮೆಗ್ನೀಸಿಯಂ ಬಗ್ಗೆ. ಬೈಲಹೊಂಗಲದಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದ ಈ ರಘೋತ್ತಮ ಮಾಸ್ತರನಿಗೆ ಆ ಒಂದು ಲೆಕ್ಕ ಇನ್ನೂ ಬಿಡಿಸಲಾಗಿಲ್ಲ.

ಆಷಾಢ ಏಕಾದಶಿಯ ಮರುದಿನ ಪೂಜೆ ಮುಗಿಸಿ ಏಳುವಾಗ ಕಾಲಿನ ಮೀನಖಂಡ ಹಿಡಿದುಕೊಂಡಿತು. ದೇವರಿಗೆ ಹಾಕಬೇಕಾದ ಸಾಷ್ಟಾಂಗ ನಮಸ್ಕಾರ ತಾನಾಗಿಯೇ ಆಗಿಹೋಯಿತು. ಲೀಲಾ ನನ್ನನ್ನು ಡಾಕ್ಟರ್ ಸುಚೇತಾಳ ಬಳಿ ಎಳೆದೊಯ್ದಳು. ಸುಚೇತಾ ನನ್ನ ಹಳೆಯ ವಿದ್ಯಾರ್ಥಿನಿ.

"ಸರ್, ನಿಮಗ ಮೆಗ್ನೀಸಿಯಂ ಕಡಿಮಿ ಆಗೇದ," ಎಂದಳು ರಕ್ತದ ವರದಿ ನೋಡಿ. "ಸಕ್ಕರಿ ಹೆಚ್ಚಾದ್ರ ಅದು ಮೂತ್ರದಾಗ ಹೊಂಟು ಹೋಗ್ತದ."

"ಹಂಗಾರ ತಪ್ಪು ಸಕ್ಕರಿದು."

"ಹೂಂ. ಆದ್ರ ಮೆಗ್ನೀಸಿಯಂ ಕಡಿಮಿ ಆದ್ರ ಇನ್ಸುಲಿನ್ ಸರಿಯಾಗಿ ಕೆಲಸ ಮಾಡೂದಿಲ್ಲ. ಸಕ್ಕರಿ ಮತ್ತ ಏರ್ತದ."

"ಅಂದ್ರ ಮೊದಲ ಆಗಿದ್ದು ಯಾವುದು?"

"ಎರಡೂ, ಸರ್."

ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಈಗ ಕೆಂಪು ಪೆನ್ನು ಅವಳ ಕೈಯಲ್ಲಿತ್ತು. ಸೊಪ್ಪು, ಕಾಳು, ಶೇಂಗಾ ತಿನ್ನಬೇಕಂತೆ. ಮೂರು ವಾರದ ಮೇಲೆ ಮತ್ತೆ ರಕ್ತಪರೀಕ್ಷೆ. ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ, ಅದೂ ದಿನಾಲೂ, ಅದೂ ಹೊಟ್ಟೆಗೆ. (ಲೀಲಾ ಅಂಗಿಯ ಗುಂಡಿ ಹಚ್ಚಲು ಕುಳಿತರೂ ನಾನು ಪಡಸಾಲೆಗೆ ಹೋಗಿ ಕೂರುವವನು.)

ಮನೆಗೆ ಬಂದ ಮೇಲೆ ಅಸಲು ತೊಡಕು ಶುರುವಾಯಿತು. ನಮ್ಮ ಮನೆಯಲ್ಲಿ ಚಾತುರ್ಮಾಸ್ಯ, ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ಅಂದರೆ ಕಾಯಿಪಲ್ಲೆ, ಸೊಪ್ಪು ಒಲೆಯ ಹತ್ತಿರವೂ ಸುಳಿಯುವಂತಿಲ್ಲ.

"ಒಂದ ತಿಂಗಳು ತಡೀರಿ," ಎಂದಳು ಲೀಲಾ.

"ಅಷ್ಟರೊಳಗ ಸೂಜಿ ಬರ್ತದ. ಕಡೀಕ ದ್ವಿದಳ ವ್ರತ ಬಂದ್ರ ಕಾಳೂ ಬಂದ್. ಡಾಕ್ಟರು ತಿನ್ನು ಅಂತಾಳ, ಪಂಚಾಂಗ ಬ್ಯಾಡ ಅಂತದ. ನಾ ಯಾರ ಮಾತು ಕೇಳ್ಲಿ?"

"ಕಾಳಿಂದು ನಾಕನೇ ತಿಂಗಳಿಗೆ. ಈಗ್ಯಾಕ ಅದರ ಚಿಂತಿ?"

ನಾಲ್ಕು ವ್ರತ, ಮೂರು ಆಹಾರ, ಒಂದು ಖನಿಜ. ಹಾಳೆಯ ಮೇಲೆ ಕೋಷ್ಟಕ ಹಾಕಿ ನೋಡಿದೆ. ಎಲ್ಲಿಂದ ಕೂಡಿಸಿದರೂ ಸೂಜಿಯೇ ಉತ್ತರ ಬರುತ್ತಿತ್ತು.

ಮರುದಿನ ಲೀಲಾ ಮಠಕ್ಕೆ ಪುರಾಣ ಕೇಳಲು ಹೋದಾಗ, ಪಕ್ಕದ ಮನೆಯ ಕಾಳಿನ ವ್ಯಾಪಾರಿ ಮಹಾಂತಪ್ಪ ಗೋಡೆಯಾಚೆಯಿಂದ ಕರೆದ. "ಮಾಸ್ತರ, ಬರ್ರಿ, ಊಟಕ್ಕ ಕುಂದ್ರೂಣು." ಅವನೂ ಸಕ್ಕರೆ ಕಾಯಿಲೆಯವನೇ. ಅವನ ಹೆಂಡತಿ ಸಾವಿತ್ರೆವ್ವ ನನ್ನ ತಾಟಿಗೆ ರೊಟ್ಟಿ, ಗುಡ್ಡೆಯಷ್ಟು ರಾಜಗಿರಿ ಸೊಪ್ಪಿನ ಪಲ್ಲೆ ಬಡಿಸಿ, ಮನೆಗೆ ಬಂದವರಿಗೆ ಸಿಹಿ ಇಲ್ಲದೆ ಹೇಗೆ ಎಂದು ಶೇಂಗಾ ಹೋಳಿಗೆ ಇಟ್ಟಳು.

ನನ್ನೊಳಗಿನ ಗಣಿತಜ್ಞ ಎಚ್ಚರಗೊಂಡ. ಪಲ್ಲೆ ತಿಂದರೆ ವ್ರತಭಂಗ. ಶೇಂಗಾದಲ್ಲಿ ಮೆಗ್ನೀಸಿಯಂ ಇದೆ, ಹೋಳಿಗೆಯಲ್ಲಿ ಶೇಂಗಾ ಇದೆ, ಆದ್ದರಿಂದ ಹೋಳಿಗೆಯೇ ಔಷಧ. (ಶೇಂಗಾ ವ್ರತಕ್ಕೆ ನಡೆಯುತ್ತದೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುವ ಅಪಾಯವಿತ್ತು. ಬೆಲ್ಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.) ಸಾವಿತ್ರೆವ್ವ ಒಳಗೆ ಹೋದೊಡನೆ ಪಲ್ಲೆಯನ್ನು ಮಹಾಂತಪ್ಪನ ತಾಟಿಗೆ ದಾಟಿಸಿದೆ.

"ನನಗ ಹೋಳಿಗಿ ಬಂದ್ ಮಾಡ್ಯಾಳ್ರಿ ಆಕಿ," ಎಂದ ಮಹಾಂತಪ್ಪ ಪಲ್ಲೆ ತಿನ್ನುತ್ತ. "ನೀವ ತಿನ್ರಿ, ನಾ ನೋಡತೇನಿ."

ಹೀಗೆ ಮೂರು ವಾರ ದಿನಾಲೂ ಅವರಲ್ಲಿ ಉಂಡು ನಾನು ವ್ರತವನ್ನೂ ಕಾಯ್ದುಕೊಂಡೆ, ಔಷಧವನ್ನೂ ತೆಗೆದುಕೊಂಡೆ. ದಿನಕ್ಕೆ ಎರಡು, ಒಮ್ಮೊಮ್ಮೆ ಮೂರು.

ರಕ್ತಪರೀಕ್ಷೆಗೆ ನಾನು, ಲೀಲಾ ಹೊರಟಾಗ ಮಹಾಂತಪ್ಪನೂ ಜೊತೆಗೆ ಬಂದ. ಸುಚೇತಾ ಎರಡೂ ವರದಿಗಳನ್ನು ಮೇಜಿನ ಮೇಲಿಟ್ಟಳು. ಅವನ ಸಕ್ಕರೆ ಇಳಿದಿತ್ತು, ಮೆಗ್ನೀಸಿಯಂ ಭರ್ತಿ ಇತ್ತು. ನನ್ನದು ಸಕ್ಕರೆ ಏರಿತ್ತು, ಮೆಗ್ನೀಸಿಯಂ ಮೊದಲಿಗಿಂತ ಕೆಳಗೆ ಹೋಗಿತ್ತು.

"ಸರ್, ಏನ ತಿಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಲೀಲಾ ಹೇಳಿದಳು, "ದಿನಾ ರಾಜಗಿರಿ ಪಲ್ಲೆ ತಿಂದಾರ. ನಮ್ಮ ಒಲಿ ಮ್ಯಾಲ ಮಾಡ್ಲಿಕ್ಕೆ ಬರೂದಿಲ್ಲಲಾ, ಅದಕ್ಕ ನಾನ ಸೊಪ್ಪು ಕೊಂಡು ಸಾವಿತ್ರೆವ್ವನ ಕೈಯಾಗ ಕೊಟ್ಟು ಮಠಕ್ಕ ಹೋಗ್ತಿದ್ದೆ. ರೋಗಿಗೆ ವ್ರತ ಇಲ್ಲ ಅಂತ ಮಠದ ಆಚಾರ್ರು ಹೇಳ್ಯಾರ. ಇವರಿಗೆ ಹೇಳಿದ್ರ, ಹೆಂಡ್ತಿ ವ್ರತದಾಗಿದ್ದಾಳ ಅಂತ ತಿನ್ನೂದು ಬಿಟ್ಟಾರು ಅಂತ ಸುಮ್ನಿದ್ದೆ."

ನಲವತ್ತು ವರ್ಷದ ಸಂಸಾರದಲ್ಲಿ ಈ ಹೆಂಗಸನ್ನು ನಾನು ಅರ್ಥ ಮಾಡಿಕೊಂಡಿಲ್ಲವೆಂದು ನಾಚಿಕೆಯಾಯಿತು. ಹೋಳಿಗೆಯ ವಿಷಯ ಹೊರಬೀಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಪಲ್ಲೆ ಭಾಳ ರುಚಿ ಇತ್ತರಿ ಲೀಲಾಬಾಯಾರ," ಎಂದ ಮಹಾಂತಪ್ಪ. "ಮಾಸ್ತರ ದಿನಾ ತಮ್ಮ ಪಾಲೂ ನನಗ ಹಾಕತಿದ್ರು. ಅವರಿಗೆ ಹೋಳಿಗಿನ ಸಾಕಾಕ್ಕಿತ್ತು."

ಲೀಲಾ ನನ್ನ ಕಡೆ ನೋಡಲಿಲ್ಲ. ಸುಚೇತಾಳ ಕಡೆ ತಿರುಗಿ, ಸೂಜಿ ಚುಚ್ಚುವುದನ್ನು ಮನೆಯವರೂ ಕಲಿಯಬಹುದೇ ಎಂದು ಕೇಳಿದಳು.

ಕಲಿಯಬಹುದಂತೆ. ಮೊದಲು ಯಾವುದಾದರೂ ಕಾಯಿಯ ಮೇಲೆ ಕೈ ಪಳಗಿಸಬೇಕಂತೆ. ಈಗ ಅಡುಗೆಮನೆಯಲ್ಲಿ ಲೀಲಾ ಒಂದು ಬದನೆಕಾಯಿಯನ್ನು ಮುಂದಿಟ್ಟುಕೊಂಡು ಅರ್ಧ ತಾಸಿನಿಂದ ಚುಚ್ಚುತ್ತಿದ್ದಾಳೆ. ವ್ರತ ಮುಗಿಯಲು ಇನ್ನೂ ಐದು ದಿನವಿದೆ. ಕಡೆಯ ಅಸ್ತ್ರ ಪ್ರಯೋಗಿಸಿದೆ.

"ಲೀಲಾ, ಶಾಕವ್ರತದಾಗ ಬದನಿಕಾಯಿ ಮನಿಯೊಳಗ ತಂದಿಯಲ್ಲ, ನಡೀತದೇನು?"

"ತಿನಬಾರದು ಅಂತ ಅದ. ಚುಚ್ಚಬಾರದು ಅಂತ ಎಲ್ಲೂ ಇಲ್ಲ," ಎಂದಳು ಸೂಜಿಯನ್ನು ಬೆಳಕಿಗೆ ಹಿಡಿದು. "ಬನೀನು ಮ್ಯಾಲ ಮಾಡ್ರಿ."