ಜಾರುಕಂಬಕ್ಕೆ ಹತ್ತು ಜನ ಗಟ್ಟಿಮುಟ್ಟಾದ ಗಂಡಸರನ್ನು ಕಳಿಸುವ ಬಗ್ಗೆ

ಇಂದ:
ನೀಮಾನ್ ಬಿನ್ ರೊಜಾಲಿ, ವಯಸ್ಸು ಎಪ್ಪತ್ತೆಂಟು,
ಕೆತಾಪಂಗ್ ಓಣಿ, ಗೋಡೆಯ ಹಿಂದುಗಡೆ, ಜಕಾರ್ತಾ.

ಗೆ:
ಶ್ರೀಮತಿ ವಿದ್ಯಾಸ್ತೂತಿಯವರು,
ಅಧ್ಯಕ್ಷರು, ಸ್ವಾತಂತ್ರ್ಯೋತ್ಸವ ಸಮಿತಿ,
ಮೆನಾರಾ ಪುಸಾಕಾ ವಸತಿ ಗೋಪುರ, ಗೋಡೆಯ ಮುಂದುಗಡೆ, ಜಕಾರ್ತಾ.

ವಿಷಯ: ಆಗಸ್ಟ್ ಹದಿನೇಳರಂದು ದೇಶಪ್ರೇಮ ತೋರಿಸಲು ಓಣಿಯ ಹತ್ತು ಜನರನ್ನು ಕೇಳಿರುವ ಬಗ್ಗೆ, ಮತ್ತು ಗೇಟಿನ ಬೀಗದ ಬಗ್ಗೆ.

ಉಲ್ಲೇಖ: 1. ತಮ್ಮ ಪತ್ರ: "ಗಟ್ಟಿಮುಟ್ಟಾದ ಗಂಡಸರು ಹತ್ತು, ಬರಿಗಾಲು, ಬರಿಮೈ. ಹಿಂದಿನ ಗೇಟು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ತೆರೆದಿರುತ್ತದೆ."
2. ಅರ್ಜಿದಾರನ ಮಗನ ಹೆಗಲು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಮ್ಮ ಗೋಪುರ ನಿಂತ ಜಾಗದಲ್ಲಿ ಮೊದಲು ಸೊಪ್ಪಿನ ಮಡಿಗಳಿದ್ದವು. ನಡುವಿನ ಕಾಲುದಾರಿ ಹಿಡಿದರೆ ದೊಡ್ಡ ರಸ್ತೆಯ ಆಸ್ಪತ್ರೆ ಐದು ನಿಮಿಷ. ಈಗ ಗೋಡೆ ಬಂದಿದೆ, ಗೋಡೆಗೆ ಗೇಟು, ಗೇಟಿಗೆ ಬೀಗ. ಸುತ್ತಿ ಹೋದರೆ ನಲವತ್ತು ನಿಮಿಷ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಮಾತ್ರ ಬೀಗ ತೆಗೆಯಲಾಗುತ್ತದೆ. ಕಾರಣ, ಕಂಬ ಹತ್ತಲು ಜನ ಬೇಕು.

2. ಅರ್ಜಿದಾರನ ತಂದೆಯೂ ಡಚ್ಚರ ಕಾಲದಲ್ಲಿ, ದೊರೆಯ ಮಗಳ ಮದುವೆಗೆ, ಇಂಥದೇ ಎಣ್ಣೆ ಬಳಿದ ಜಾರುಕಂಬ ಹತ್ತಿದವನು. ದೊರೆಗಳು ಜಗಲಿಯ ಮೇಲೆ ಕೂತು ನಗುತ್ತಿದ್ದರಂತೆ. ತುದಿಗೆ ಕಟ್ಟಿದ್ದ ಬಹುಮಾನವೆಂದು ಬಿಚ್ಚಿ ತಂದದ್ದು ಒಂದು ಹಳದಿ ಗಟ್ಟಿ. ಅದು ಚೀಸ್ ಎಂದು ಯಾರಿಗೂ ತಿಳಿಯದ ಕಾರಣ ಅಜ್ಜಿ ಸಾಬೂನೆಂದುಕೊಂಡು ಅದರಲ್ಲಿ ಬಟ್ಟೆ ಒಗೆದಳು. ಮೂರು ದಿನ ಓಣಿಯ ಬೆಕ್ಕುಗಳೆಲ್ಲ ತಂದೆಯ ಹಿಂದೆಯೇ. ಆಮೇಲೆ ಡಚ್ಚರು ಹೋದರು, ಕಂಬ ಹೋಗಲಿಲ್ಲ. ಈಗ ಅದಕ್ಕೆ ಕೆಂಪು ಬಿಳಿ ಬಟ್ಟೆ ಸುತ್ತಿ "ರಾಷ್ಟ್ರದ ಒಗ್ಗಟ್ಟು" ಎಂದು ಮೈಕಿನಲ್ಲಿ ಕೂಗುತ್ತಾರೆ. ಒಗ್ಗಟ್ಟಾಗಿ ಕೆಳಗೆ ನಿಲ್ಲುವವರು ಓಣಿಯವರು. ಒಗ್ಗಟ್ಟಾಗಿ ಕುರ್ಚಿಯಲ್ಲಿ ಕೂರುವವರು ತಾವುಗಳು.

3. ಕಳೆದ ವರ್ಷ ಕಂಬದ ಬುಡಕ್ಕೆ ನಿಂತವನು ಅರ್ಜಿದಾರನ ಮಗ, ಗಾರೆ ಕೆಲಸದ ಜೈಲಾನಿ. ಅವನ ಹೆಗಲ ಮೇಲೆ ಒಬ್ಬರ ಮೇಲೊಬ್ಬರಂತೆ ನಾಲ್ವರು. ನಾಲ್ವರೂ ಜಾರಿ ಅವನ ಮೇಲೇ ಬಿದ್ದರು. ಆಗ ತಾವು ಕುರ್ಚಿಯಿಂದೆದ್ದು ಆಡಿದ ಮಾತು ಯಥಾವತ್ತಾಗಿ:

"ಅಯ್ಯೋ, ಇನ್ನೊಂದ್ಸಲ ಹತ್ತ್ರಪ್ಪಾ! ವಿಡಿಯೋ ಆನೇ ಆಗಿರ್ಲಿಲ್ಲ."

"ಅಮ್ಮಾವ್ರೇ, ಹೆಗಲು ಲಟಕ್ ಅಂತು," ಎಂದ ಜೈಲಾನಿ.

"ಏನೂ ಆಗಲ್ಲ ಬಿಡಪ್ಪ, ನೀವೆಲ್ಲ ಗಟ್ಟಿ ಜನ. ದೇಶಕ್ಕೋಸ್ಕರ ಒಂದ್ಸಲ!"

ಅವನು ಮತ್ತೆ ನಿಂತ. ಈ ಸಲ ವಿಡಿಯೋ ಚೆನ್ನಾಗಿ ಬಂತು. ಹೆಗಲ ಮೂಳೆ ಎರಡಾಯಿತು.

4. ತಮ್ಮ ಮುಂಬಾಗಿಲು ದಾಟಿದರೆ ಆಸ್ಪತ್ರೆ. ಮಗನನ್ನು ಹಿಡಿದುಕೊಂಡು ಹೋದ ಅರ್ಜಿದಾರನಿಗೆ ಕಾವಲುಗಾರ ಅಡ್ಡ ನಿಂತ. ಅವನು ಓಣಿಯ ಅಳಿಯನೇ.

"ಮಾವ, ಹಿಂದ್ಗಡೆಯಿಂದ ಬಂದೋರು ಹಿಂದ್ಗಡೆಯಿಂದ್ಲೇ ಹೋಗ್ಬೇಕಂತೆ."

"ಲೋ, ಮೂಳೆ ಮುರಿದಿದೆ ಕಣೋ! ಕಣ್ಣು ಕಾಣ್ಸಲ್ವಾ?"

"ಕಾಣ್ಸುತ್ತೆ ಮಾವ. ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಹಾಗಾಗಿ ಹಿಂದಿನ ಗೇಟಿನಿಂದ ಹೊರಬಂದು, ಬೈಕಿನಲ್ಲಿ ನಡುವೆ ಕೂರಿಸಿಕೊಂಡು, ಊರೆಲ್ಲ ಸುತ್ತಿ ಹೋಗಲಾಯಿತು. ಪ್ರತಿ ಹಳ್ಳದಲ್ಲೂ ಅವನು ತಾಯಿಯನ್ನು ಕರೆದ. ಈಗ ಬಲಗೈ ಕಿವಿಗಿಂತ ಮೇಲೆ ಏಳುವುದಿಲ್ಲ. ಗೋಡೆಯ ಕೆಳಗಿನ ಅರ್ಧಕ್ಕೆ ಮಾತ್ರ ಗಾರೆ ಬಳಿಯಲು ಯಾರೂ ಕರೆಯುವುದಿಲ್ಲ.

5. ಓಣಿಯಲ್ಲಿ ಈಗ ಇಬ್ಬರು ಬಸುರಿಯರಿದ್ದಾರೆ. ಹೆರಿಗೆ ನೋವು ಆಗಸ್ಟ್ ಹದಿನೇಳಕ್ಕೇ, ಒಂಬತ್ತರಿಂದ ಆರರೊಳಗೇ ಬರುತ್ತದೆ ಎಂದು ಸೂಲಗಿತ್ತಿ ಭರವಸೆ ಕೊಡುತ್ತಿಲ್ಲ.

ಆದ್ದರಿಂದ, ಸದರಿ ಗೇಟನ್ನು ವರ್ಷದ ಎಲ್ಲ ದಿನವೂ ತೆರೆದಿಡಬೇಕು, ಹಿಂದುಗಡೆಯಿಂದ ಬಂದವರನ್ನು ಮುಂಬಾಗಿಲಿನಿಂದ ಹೋಗಲು ಬಿಡಬೇಕು. ತೆರೆದ ಮೇಲೆ ಕಂಬದ ಮಾತು ಆಡೋಣ. ಅದು ಸಾಧ್ಯವಿಲ್ಲವಾದರೆ, ತಮ್ಮ ಮೂರನೇ ಮಹಡಿಯ ಗಾಜಿನೊಳಗೆ ದಿನಾ ಬೆಳಿಗ್ಗೆ ಎಲ್ಲಿಗೂ ಹೋಗದೆ ಓಡುತ್ತಿರುವ ಗಟ್ಟಿಮುಟ್ಟಾದ ಗಂಡಸರು ಬಹಳ ಮಂದಿ ಕಾಣುತ್ತಾರೆ. ಅವರಲ್ಲೇ ಹತ್ತು ಜನರನ್ನು ಆರಿಸಿಕೊಳ್ಳಬಹುದು.

ತಮ್ಮ ಗೋಡೆಯಾಚೆಯ ವಿಶ್ವಾಸಿ,
(ಸಹಿ) ನೀಮಾನ್ ಬಿನ್ ರೊಜಾಲಿ

ಅಡಕಗಳು:
1. ಜೈಲಾನಿಯ ಹೆಗಲ ಎಕ್ಸ್‌ರೇ. ನೋಡಿ ಹಿಂದಿರುಗಿಸಬೇಕು, ಒಡೆದ ಕಿಟಕಿಗೆ ಅಂಟಿಸಿದ್ದೆವು, ಈಗ ಬಿಸಿಲು ಒಳಗೆ ಬರುತ್ತಿದೆ.
2. ಕಂಬ ಹತ್ತಲು ಒಪ್ಪಿದವರ ಪಟ್ಟಿ: ಖಾಲಿ ಹಾಳೆ. ಓಣಿಯ ನಲವತ್ತೊಂದು ಗಂಡಸರೂ ಕೆಳಗೆ ಸಹಿ ಮಾಡಿದ್ದಾರೆ.

ವಿ.ಸೂ.: ಕಂಬದ ತುದಿಗೆ ಕಟ್ಟುವುದು ದೇಶದ ಬಾವುಟ. ಹೊತ್ತು ಮುಳುಗುವ ಮೊದಲು ಅದನ್ನು ಇಳಿಸಲೇಬೇಕು. ಆದಕಾರಣ, ಅಧ್ಯಕ್ಷರಾದ ತಾವು ನಾಲ್ಕು ಗಂಟೆಗೇ ಹತ್ತಲು ಶುರು ಮಾಡಬೇಕಾಗಿ ಕೋರಿಕೆ.